ಕ್ಯೋಟೋದ ವಿದ್ಯಾರ್ಥಿ ಮಲ್ಲರು

ಜಪಾನಿನ ಪ್ರಾಚೀನ ರಾಜಧಾನಿಯಾದ ಕ್ಯೋಟೋ ನಗರಕ್ಕೆ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಚಿನ್ನದ ತಗಡು ಹೊದಿಸಿದ ಮಂದಿರವನ್ನೂ, ಕಿಯೋಮಿಜು ದೇವಾಲಯದ ಮರದ ಜಗಲಿಯನ್ನೂ, ಚೆರಿ ಹೂವಿನ ಸಾಲುಗಳನ್ನೂ ನೋಡಿ ಮರಳುವರು. ಕಾಮೋ ನದಿಯ ಪೂರ್ವದಂಡೆಯಲ್ಲಿ, ಯೋಶಿದಾ ಎಂಬ ಚಿಕ್ಕ ಗುಡ್ಡದ ಬುಡದಲ್ಲಿ ಹಬ್ಬಿರುವ ವಿಶ್ವವಿದ್ಯಾನಿಲಯದ ಬೀದಿಗಳಿಗೆ ಅವರಲ್ಲಿ ಕಾಲಿಡುವವರು ಕಡಿಮೆ. ಕಾಮೋ ಮತ್ತು ತಕಾನೋ ನದಿಗಳು ಸಂಗಮಿಸುವ ಸ್ಥಳದಲ್ಲಿ ಆಮೆಯ ಆಕಾರದ ದೊಡ್ಡ ದೊಡ್ಡ ಕಲ್ಲುಗಳನ್ನು ನೀರಿನಲ್ಲಿ ಸಾಲಾಗಿ ನೆಟ್ಟಿದ್ದಾರೆ. ಮಕ್ಕಳು ಅವುಗಳ ಮೇಲೆ ಹಾರುತ್ತ ಆಚೆಯ ದಡ ಸೇರುವರು. ಅಲ್ಲಿಂದ ಪೂರ್ವಕ್ಕೆ ಹದಿನೈದು ನಿಮಿಷ ನಡೆದರೆ ಹ್ಯಾಕುಮಾನ್‌ಬೆನ್ ಎಂಬ ಚೌಕ. ಅದರ ಆಚೆಗೆ ಸೈಕಲ್ಲುಗಳ ಮಹಾರಣ್ಯ. ಅದರ ನಡುವೆ 1897ರಲ್ಲಿ ಸ್ಥಾಪಿತವಾದ ಕ್ಯೋಟೋ ವಿಶ್ವವಿದ್ಯಾನಿಲಯ. ಗಡಿಯಾರದ ಗೋಪುರದ ಮುಂದೆ ಒಂದು ಕರ್ಪೂರದ ಮರ ಛತ್ರಿಯಂತೆ ಹರಡಿ ನಿಂತಿದೆ. ಪೂರ್ವ ದಿಗಂತದಲ್ಲಿ ಹಸಿರು ಬೆಟ್ಟದ ಮೈಮೇಲೆ ‘ಮಹಾ’ ಎಂಬ ಅರ್ಥದ ಅಕ್ಷರವೊಂದು ಬೋಳಾಗಿ ಕಾಣುವುದು. ಪ್ರತಿ ವರ್ಷ ಆಗಸ್ಟ್ 16ರ ರಾತ್ರಿ ಆ ಅಕ್ಷರಕ್ಕೆ ಬೆಂಕಿಯಿಟ್ಟು ಪಿತೃಗಳನ್ನು ಬೀಳ್ಕೊಡುವರು.

ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಇಲ್ಲಿಗೆ ಬಂದವರಿಗೆ ಒಂದು ವಿಚಿತ್ರ ದೃಶ್ಯ ಎದುರಾಗುವುದು. ಜಪಾನಿನಲ್ಲಿ ವಿದ್ಯಾವರ್ಷ ಆರಂಭವಾಗುವುದು ಆ ತಿಂಗಳಲ್ಲಿ. ಅತ್ಯಂತ ಕಠಿಣವಾದ ಪ್ರವೇಶ ಪರೀಕ್ಷೆಯನ್ನು ದಾಟಿ, ಕನ್ನಡಕ ಧರಿಸಿ, ಹೊಸ ಉಡುಪಿನಲ್ಲಿ ಅಂಜುತ್ತ ಬರುವ ಹದಿನೆಂಟರ ಹುಡುಗನನ್ನು ಸಂಘಗಳ ಹಿರಿಯ ವಿದ್ಯಾರ್ಥಿಗಳು ದಾರಿಯಲ್ಲೇ ಅಡ್ಡಗಟ್ಟುವರು. ನಾಟಕದವರು, ಬೆಟ್ಟ ಹತ್ತುವವರು, ದೋಣಿ ಹುಟ್ಟುಹಾಕುವವರು, ವಾದ್ಯ ಬಾರಿಸುವವರು ಎಲ್ಲರೂ ಕರಪತ್ರ ಹಂಚುವರು. ಅವರ ನಡುವೆ ಬಿಳಿಯ ದಪ್ಪ ಬಟ್ಟೆಯ ಅಂಗಿ ತೊಟ್ಟು ನಡುಪಟ್ಟಿ ಬಿಗಿದ ನಾಲ್ಕಾರು ಮಂದಿ ಇರುವರು. ಅವರ ಕಿವಿಗಳು ನಜ್ಜುಗುಜ್ಜಾಗಿ, ಒಣಗಿದ ಅಣಬೆಯಂತೆ ಮುದುಡಿರುವುವು. “ಊಟ ಕೊಡಿಸುತ್ತೇವೆ, ಸುಮ್ಮನೆ ಬಂದು ನೋಡಿ ಹೋಗು” ಎಂದು ಅವರು ಅತಿ ವಿನಯದಿಂದ ಕರೆಯುವರು. ಊಟ ನಿಜವಾಗಿಯೂ ಸಿಗುವುದು. ಒಂದು ವಾರ ಕಾಲ ಪ್ರತಿ ಸಂಜೆಯೂ ಸಿಗುವುದು. ಎಂಟನೆಯ ದಿನ ಆ ಹುಡುಗನ ಹೆಸರು ಜೂಡೋ ಸಂಘದ ಪಟ್ಟಿಯಲ್ಲಿ ಸೇರಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಈ ಸಂಘಗಳ ಕಥೆಗೆ ಸುಮಾರು ಒಂದೂವರೆ ಶತಮಾನದ ಇತಿಹಾಸವುಂಟು. ಮತ್ತು ಅದರ ಆರಂಭವೇ ಒಬ್ಬ ವಿದ್ಯಾರ್ಥಿಯಿಂದ. 1860ರಲ್ಲಿ ಜನಿಸಿದ ಕಾನೋ ಜಿಗೋರೋ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಕೃಶಶರೀರಿ. ಬಲಿಷ್ಠ ಸಹಪಾಠಿಗಳ ಕಾಟ ತಾಳಲಾರದೆ ಅವರು ಹಳೆಯ ಜುಜುತ್ಸು ಗುರುಗಳನ್ನು ಹುಡುಕಿಕೊಂಡು ಹೋದರು. ಸಮುರಾಯಿಗಳ ಕಾಲ ಮುಗಿದು, ಆ ವಿದ್ಯೆ ಬಲ್ಲವರು ಹೊಟ್ಟೆಪಾಡಿಗಾಗಿ ಮೂಳೆ ಕಟ್ಟುವ ವೈದ್ಯ ಮಾಡುತ್ತಿದ್ದ ದಿನಗಳವು. ಕಾನೋ 1881ರಲ್ಲಿ ಪದವಿ ಪಡೆದು, ಮರುವರ್ಷ ಟೋಕಿಯೋದ ಏಶೋಜಿ ಎಂಬ ಬೌದ್ಧ ದೇವಾಲಯದ ಕೋಣೆಯೊಂದರಲ್ಲಿ, ಹನ್ನೆರಡು ಚಾಪೆಗಳಷ್ಟು ಜಾಗದಲ್ಲಿ, ಒಂಬತ್ತು ಶಿಷ್ಯರೊಡನೆ ತಮ್ಮ ಗರಡಿಯನ್ನು ತೆರೆದರು. ಪ್ರಾಣಾಪಾಯದ ಪಟ್ಟುಗಳನ್ನು ತೆಗೆದುಹಾಕಿ, ಉಳಿದುದಕ್ಕೆ ಕ್ರಮ ಕಲ್ಪಿಸಿ, ಅದಕ್ಕೆ ‘ಜೂಡೋ’, ಅಂದರೆ ಮೃದುತ್ವದ ಮಾರ್ಗ, ಎಂದು ಹೆಸರಿಟ್ಟರು. ಅವರು ವೃತ್ತಿಯಿಂದ ಅಧ್ಯಾಪಕರು. ಕುಮಾಮೋಟೋದ ಐದನೆಯ ಉನ್ನತ ಶಾಲೆಗೆ ಮುಖ್ಯಸ್ಥರಾಗಿದ್ದಾಗ, ಜಪಾನಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದು ಪ್ರಸಿದ್ಧನಾದ ಲಫ್ಕಾಡಿಯೋ ಹರ್ನ್ ಅಲ್ಲಿ ಉಪಾಧ್ಯಾಯನಾಗಿದ್ದನು. ಕಾನೋ ಹೋದ ಶಾಲೆಗಳಲ್ಲೆಲ್ಲ ಜೂಡೋ ಬೇರೂರಿತು. ಸೈನ್ಯಕ್ಕಿಂತಲೂ ಶಾಲೆಯೇ ಅದರ ನಿಜವಾದ ಮನೆಯಾದದ್ದು ಹೀಗೆ.

ಕರಾಟೆಯದೂ ಇಂಥದೇ ಕಥೆ. ಒಕಿನಾವಾ ದ್ವೀಪದ ಶಾಲಾಮಾಸ್ತರರಾಗಿದ್ದ ಫುನಾಕೋಶಿ ಗಿಚಿನ್ 1922ರಲ್ಲಿ ಟೋಕಿಯೋಗೆ ಬಂದು ತಮ್ಮ ನಾಡಿನ ವಿದ್ಯೆಯನ್ನು ಪ್ರದರ್ಶಿಸಿದರು. ಎರಡು ವರ್ಷಗಳಲ್ಲಿ, 1924ರಲ್ಲಿ, ಕೇಯೋ ವಿಶ್ವವಿದ್ಯಾನಿಲಯದಲ್ಲಿ ಕರಾಟೆ ಸಂಘ ಹುಟ್ಟಿತು. ಇತರ ವಿಶ್ವವಿದ್ಯಾನಿಲಯಗಳು ಹಿಂಬಾಲಿಸಿದವು. ಅಂದಿನ ಯುವಕ ಪದವೀಧರರು ಉದ್ಯೋಗ ನಿಮಿತ್ತ ದೇಶವಿದೇಶಗಳಿಗೆ ಹೋದಾಗ ಕರಾಟೆಯೂ ಅವರ ಪೆಟ್ಟಿಗೆಯಲ್ಲಿ ಹೋಯಿತು.

ಆದರೆ ಕ್ಯೋಟೋದ ಜೂಡೋ ಬೇರೆ ಬಗೆಯದು. ಒಲಿಂಪಿಕ್ ಕ್ರೀಡೆಯಲ್ಲಿ ಕಾಣುವ ಜೂಡೋ ನೋಡಿದವರು ಇಲ್ಲಿಯ ಗರಡಿಗೆ ಬಂದರೆ, ಏನೋ ತಪ್ಪಾಗಿದೆ ಎಂದುಕೊಳ್ಳುವರು. ಮಿಂಚಿನಂತಹ ಎಸೆತಗಳಿಲ್ಲ. ಚಾಪೆಯ ತುಂಬ ಜೋಡಿಜೋಡಿಯಾಗಿ ಹುಡುಗರು ಹಾವುಗಳಂತೆ ಹೆಣೆದುಕೊಂಡು ನೆಲದಲ್ಲಿ ಹೊರಳುತ್ತಿರುವರು. ಬೆವರಿನ ಹಬೆ ಎದ್ದು ಕಿಟಕಿಯ ಗಾಜು ಮಸುಕಾಗಿರುವುದು. ಮಾತಿಲ್ಲ, ಬಟ್ಟೆ ಉಜ್ಜುವ ಸದ್ದು, ಏದುಸಿರಿನ ಸದ್ದು ಅಷ್ಟೇ.

ಇದಕ್ಕೆ ಕಾರಣ 1914ರಷ್ಟು ಹಿಂದಿನದು. ಆ ವರ್ಷ ಕ್ಯೋಟೋ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ದೇಶದ ಉನ್ನತ ಶಾಲೆಗಳ ಜೂಡೋ ಪಂದ್ಯಾವಳಿಯೊಂದು ಆರಂಭವಾಯಿತು. ಉನ್ನತ ಶಾಲೆಯ ವ್ಯಾಸಂಗ ಮೂರೇ ವರ್ಷ. ನಿಂತು ಎಸೆಯುವ ವಿದ್ಯೆಗೆ ಬಾಲ್ಯದಿಂದ ಬಂದ ಚುರುಕು, ಹುಟ್ಟಿನಿಂದ ಬಂದ ಮೈಕಟ್ಟು ಬೇಕು; ಅದು ಮೂರು ವರ್ಷಕ್ಕೆ ಕೈವಶವಾಗುವಂಥದಲ್ಲ. ನೆಲದ ಮೇಲಿನ ಸೆಣಸಾಟವಾದರೋ ಗಣಿತದ ಲೆಕ್ಕದಂತೆ. ಹಿಡಿತ, ಕೋನ, ಭಾರ ಇವುಗಳನ್ನು ಅರಿತು ಅಭ್ಯಾಸ ಮಾಡಿದಷ್ಟೂ ಫಲ ನಿಶ್ಚಿತ. ಪುಸ್ತಕದ ಹುಳುಗಳಾದ ಹುಡುಗರಿಗೆ ಇದಕ್ಕಿಂತ ಒಪ್ಪುವ ಮಾರ್ಗ ಮತ್ತೊಂದಿರಲಿಲ್ಲ. ಕಾನಾಜಾವಾ ಊರಿನ ನಾಲ್ಕನೆಯ ಉನ್ನತ ಶಾಲೆ ಮೊದಲ ಏಳು ವರ್ಷವೂ ಎಡೆಬಿಡದೆ ಗೆದ್ದಿತು. ಒಕಾಯಾಮಾದ ಆರನೆಯ ಶಾಲೆಯವರು ಅದನ್ನು ಸೋಲಿಸುವ ಛಲದಿಂದ ಹಗಲಿರುಳೂ ತಲೆ ಕೆಡಿಸಿಕೊಂಡು ಎರಡು ಕಾಲುಗಳನ್ನು ತ್ರಿಕೋನವಾಗಿ ಮಡಿಸಿ ಎದುರಾಳಿಯ ಕೊರಳನ್ನೂ ಒಂದು ತೋಳನ್ನೂ ಒಟ್ಟಿಗೆ ಬಿಗಿಯುವ ಪಟ್ಟನ್ನು ಬೆಳೆಸಿದರು. ಇಂದು ಜಗತ್ತಿನ ಯಾವ ಮೂಲೆಯ ಮಲ್ಲಯುದ್ಧದ ಅಖಾಡದಲ್ಲಿಯೂ ಈ ತ್ರಿಕೋನಪಟ್ಟು ಸಾಮಾನ್ಯ. ಅದು ಹಾಸ್ಟೆಲಿನ ಹುಡುಗರ ಸೃಷ್ಟಿ ಎಂಬುದು ಬಹಳ ಮಂದಿಗೆ ತಿಳಿಯದು.

ಟೋಕಿಯೋದ ಹಿರಿಯರಿಗೆ ಇದು ಹಿಡಿಸಲಿಲ್ಲ. 1925ರಲ್ಲಿ ಕಾನೋ ಅವರ ಕೇಂದ್ರಸಂಸ್ಥೆ ನಿಯಮಗಳನ್ನು ತಿದ್ದಿ, ಎಸೆಯುವ ಪ್ರಯತ್ನವನ್ನೇ ಮಾಡದೆ ಎದುರಾಳಿಯನ್ನು ನೆಲಕ್ಕೆ ಎಳೆದುಕೊಳ್ಳುವುದನ್ನು ನಿರ್ಬಂಧಿಸಿತು. ಶಾಲೆಗಳ ಹುಡುಗರು ಒಪ್ಪಲಿಲ್ಲ. ತಮ್ಮ ಪಂದ್ಯಾವಳಿಯಲ್ಲಿ ತಮ್ಮ ನಿಯಮವನ್ನೇ ಉಳಿಸಿಕೊಂಡರು. ವಿದ್ಯೆಯ ಜನಕನೊಡನೆ ವಿದ್ಯಾರ್ಥಿಗಳು ನಡೆಸಿದ ಈ ವಿನಯಪೂರ್ವಕ ಹಟ ಜಪಾನಿನಂಥ ಗುರುಭಕ್ತಿಯ ದೇಶದಲ್ಲಿ ಸಣ್ಣ ಸಂಗತಿಯಲ್ಲ. ಯುದ್ಧದ ಮೋಡ ಕವಿದು 1940ರ ನಂತರ ಆ ಪಂದ್ಯಾವಳಿ ನಿಂತಿತು.

ವಿಶ್ವವಿದ್ಯಾನಿಲಯದಿಂದ ದಕ್ಷಿಣಕ್ಕೆ ತುಸು ದೂರ ನಡೆದರೆ ಹೇಯಾನ್ ಮಂದಿರದ ಕೆಂಪು ಹೆಬ್ಬಾಗಿಲು. ಅದರ ಹಿಂಬದಿಯ ಮಗ್ಗುಲಲ್ಲಿ ಕಪ್ಪು ಹೆಂಚಿನ, ಬೃಹತ್ ಮರದ ಕಂಬಗಳ ಒಂದು ಶಾಲೆ ಮೌನವಾಗಿ ನಿಂತಿದೆ. ಇದೇ 1899ರಲ್ಲಿ ಕಟ್ಟಿದ ಬುತೋಕುದೆನ್. ‘ಕ್ಷಾತ್ರಗುಣ ಮಂದಿರ’ ಎಂದು ಕನ್ನಡಿಸಬಹುದು. ದೇಶದ ಕತ್ತಿವರಸೆಯವರೂ ಜೂಡೋ ಪಟುಗಳೂ ಇಲ್ಲಿಗೆ ಬಂದು ಮಣಿದು ಹೋಗುತ್ತಿದ್ದರು. ಕಟ್ಟಿಸಿದ ಸಂಸ್ಥೆ ಯುದ್ಧಕಾಲದಲ್ಲಿ ಸರ್ಕಾರದ ಕೈಗೊಂಬೆಯಾಗಿ, ಹುಡುಗರನ್ನು ಸಮರಕ್ಕೆ ಹುರಿದುಂಬಿಸುವ ಕೆಲಸಕ್ಕೆ ಇಳಿಯಿತು. ಆದ್ದರಿಂದ 1945ರಲ್ಲಿ ಜಪಾನ್ ಶರಣಾದ ಮೇಲೆ ಶಾಲೆಗಳಲ್ಲಿ ಸಮರವಿದ್ಯೆಗಳೆಲ್ಲಕ್ಕೂ ನಿಷೇಧ ಬಿದ್ದಿತು. ಮರುವರ್ಷ ಆ ಸಂಸ್ಥೆಯೇ ವಿಸರ್ಜನೆಗೊಂಡಿತು. ಮಂದಿರ ಕೈಯಿಂದ ಕೈಗೆ ಹೋಯಿತು. ಒಂದು ಕಾಲದಲ್ಲಿ ಸಂಗೀತ ಕಲಿಯುವ ವಿದ್ಯಾರ್ಥಿಗಳು ಅಲ್ಲಿ ಪಿಟೀಲು ನುಡಿಸುತ್ತಿದ್ದರಂತೆ. ಕತ್ತಿಯ ಮನೆಗೆ ಅಂಥ ಪ್ರಾಯಶ್ಚಿತ್ತ ಒದಗಿದ್ದು ಎಷ್ಟು ಚೆನ್ನ! ಇಂದು ಅದು ರಾಷ್ಟ್ರದ ಸಂರಕ್ಷಿತ ಕಟ್ಟಡ. ಪ್ರತಿ ಮೇ ತಿಂಗಳ ಆದಿಯಲ್ಲಿ ದೇಶದ ನಾನಾ ಭಾಗಗಳಿಂದ ಕೆಂಡೋ ಪ್ರವೀಣರು, ನೆರೆಗೂದಲಿನ ವೃದ್ಧರೂ ಸೇರಿ, ಅಲ್ಲಿ ನೆರೆಯುವರು.

ಶಾಲೆಗಳಲ್ಲಿ ಜೂಡೋ ಮರಳಿದ್ದು 1950ರಲ್ಲಿ. ಆ ವೇಳೆಗೆ ಹಳೆಯ ಉನ್ನತ ಶಾಲೆಗಳೇ ರದ್ದಾಗಿದ್ದವು. ಅವುಗಳ ನೆಲದ ವಿದ್ಯೆ ಅನಾಥವಾಗಬೇಕಾಗಿತ್ತು. ಆದರೆ ಹೊಕ್ಕಾಯಿದೋ, ತೋಹೋಕು, ಟೋಕಿಯೋ, ನಾಗೋಯಾ, ಕ್ಯೋಟೋ, ಓಸಾಕಾ, ಕ್ಯೂಶೂ ಎಂಬ ಏಳು ಹಳೆಯ ಸಾಮ್ರಾಜ್ಯ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು 1952ರಲ್ಲಿ ಆ ನಿಯಮಗಳನ್ನೇ ಇಟ್ಟುಕೊಂಡು ತಮ್ಮತಮ್ಮಲ್ಲಿ ಪಂದ್ಯ ಆರಂಭಿಸಿದರು. ಆ ಏಳು ಊರುಗಳಲ್ಲಿ ಸರದಿಯಂತೆ ಬೇಸಿಗೆಯಲ್ಲಿ ಅದು ನಡೆದು ಬಂದಿದೆ. ವೃತ್ತಪತ್ರಿಕೆಗಳು ಅದಕ್ಕೆ ದೊಡ್ಡ ಜಾಗ ಕೊಡುವುದಿಲ್ಲ. ಗೆದ್ದವರಿಗೆ ಹಣವಿಲ್ಲ, ಪರೀಕ್ಷೆಯಲ್ಲಿ ಒಂದು ಅಂಕವೂ ಇಲ್ಲ. ಆದರೂ ಅದಕ್ಕಾಗಿಯೇ ನಾಲ್ಕು ವರ್ಷ ತೇದುಹೋಗುವವರುಂಟು.

ಈ ಪಂದ್ಯದ ಕಟ್ಟಳೆಯನ್ನು ಸ್ವಲ್ಪ ವಿವರಿಸಬೇಕು. ಒಂದೊಂದು ತಂಡಕ್ಕೆ ಹದಿನೈದು ಜನ. ಗೆದ್ದವನು ಚಾಪೆಯ ಮೇಲೆ ಉಳಿದು ಎದುರು ತಂಡದ ಮುಂದಿನವನೊಡನೆ ಸೆಣಸಬೇಕು. ಸೋಲುವವರೆಗೆ ಅಥವಾ ಸರಿಸಮವಾಗುವವರೆಗೆ ಅವನಿಗೆ ಬಿಡುವಿಲ್ಲ. ಸಮವಾದರೆ ಇಬ್ಬರೂ ಇಳಿಯುವರು. ಬಿಡಿ ಅಂಕಗಳ ಲೆಕ್ಕವಿಲ್ಲ. ಪೂರ್ಣ ಗೆಲುವೊಂದೇ ಗೆಲುವು. ಒಂದು ಜೋಡಿಗೆ ಆರು ನಿಮಿಷ. ಕೊನೆಯ ಇಬ್ಬರು ನಾಯಕರಿಗೆ ಎಂಟು ನಿಮಿಷ. ಹೆಣೆದುಕೊಂಡ ಜೋಡಿ ಅಂಚಿಗೆ ಉರುಳಿ ಬಂದರೆ ಪಂಚನು “ಹಾಗೆಯೇ ಇರಿ” ಎಂದು ಕೂಗುವನು. ಇಬ್ಬರೂ ಕಲ್ಲಿನಂತೆ ನಿಶ್ಚಲರಾಗುವರು. ಅವರನ್ನು ಹಿಡಿತ ಸಡಿಲದಂತೆ ಚಾಪೆಯ ಮಧ್ಯಕ್ಕೆ ಎಳೆದು ತಂದ ಮೇಲೆ ಮತ್ತೆ ಮೊದಲಾಗುವುದು. ಅಂಚಿನಾಚೆಗೆ ಜಾರಿ ತಪ್ಪಿಸಿಕೊಳ್ಳುವ ದಾರಿ ಯಾರಿಗೂ ಇಲ್ಲ.

ಈ ಕಟ್ಟಳೆಯಿಂದ ಒಂದು ತಂಡದಲ್ಲಿ ಎರಡು ಜಾತಿಯ ಆಟಗಾರರು ಹುಟ್ಟಿಕೊಂಡರು. ಒಬ್ಬ, ಎದುರಾಳಿಗಳನ್ನು ಒಬ್ಬೊಬ್ಬರಾಗಿ ಕೆಡವುವವನು. ಇನ್ನೊಬ್ಬ, ಸಮ ಮಾಡುವವನು. ಎದುರು ತಂಡದ ಮಹಾಮಲ್ಲನು ಮೂವರನ್ನು ಕೆಡವಿ ನಾಲ್ಕನೆಯವನಿಗಾಗಿ ಕಾಯುತ್ತಿರುವಾಗ, ತನಗಿಂತ ಮೂವತ್ತು ಕಿಲೋ ಭಾರವಾದ ಆ ಮನುಷ್ಯನ ಮುಂದೆ ಹೋಗಿ, ಮೊಣಕಾಲೂರಿ, ಮೊಣಕೈಗಳನ್ನು ಒಳಗೆಳೆದು, ಗಲ್ಲವನ್ನು ಎದೆಗೆ ಒತ್ತಿ, ಬೆನ್ನನ್ನಷ್ಟೇ ಲೋಕಕ್ಕೆ ತೋರಿಸಿ ಆರು ನಿಮಿಷ ಬಿದ್ದಿರುವುದು ಅವನ ಕೆಲಸ. ಅದಕ್ಕೆ ಜಪಾನೀಯರು ಇಟ್ಟಿರುವ ಹೆಸರು ‘ಆಮೆ’. ಗೀತೆಯಲ್ಲಿ ಸ್ಥಿತಪ್ರಜ್ಞನಿಗೆ ಕೊಟ್ಟ ಉಪಮಾನ ನಮ್ಮವರಿಗೆ ನೆನಪಾಗದಿರದು. ಆದರೆ ಈ ಆಮೆಗೆ ಸಮಾಧಿಸುಖವಿಲ್ಲ. ಕಾಲರಿನೊಳಗೆ ಕೈ ತೂರಿಸಿ ಕೊರಳು ಬಿಗಿಯಲು, ತೋಳನ್ನು ಕಿತ್ತು ತೆಗೆದು ಕೀಲು ಮುರಿಯಲು, ಉರುಳಿಸಿ ಅದುಮಲು ಎದುರಾಳಿ ಆ ಆರು ನಿಮಿಷವೂ ಹೆಣಗುತ್ತಿರುವನು. ಕಿವಿ ನೆಲಕ್ಕೆ ಉಜ್ಜಿ ರಕ್ತ ಒಸರುವುದು. ಗಂಟೆ ಬಾರಿಸಿದಾಗ ಆಮೆ ಇನ್ನೂ ಆಮೆಯಾಗಿಯೇ ಉಳಿದಿದ್ದರೆ, ತಂಡದವರೆಲ್ಲ ಎದ್ದು ನಿಂತು, ಗೆದ್ದವನಿಗೂ ಸಿಗದಷ್ಟು ಸಂಭ್ರಮದಿಂದ ಅವನನ್ನು ಅಪ್ಪಿಕೊಳ್ಳುವರು. ಅವನು ಗೆಲ್ಲಲಿಲ್ಲ, ಆದರೆ ಮಹಾಮಲ್ಲನನ್ನು ತನ್ನೊಡನೆ ಚಾಪೆಯಿಂದ ಇಳಿಸಿಕೊಂಡು ಬಂದನಷ್ಟೆ!

ಬಿಳಿಯ ಪಟ್ಟಿಯ ಹೊಸ ಹುಡುಗನಿಗೆ ಮೊದಲು ಕಲಿಸುವುದು ಇದನ್ನೇ. ಹಿಂದೆಂದೂ ಮೈಬಗ್ಗಿಸಿ ದುಡಿಯದವನು ಅವನು. ಮೇ, ಜೂನ್ ತಿಂಗಳಲ್ಲಿ ಅವನು ದಿನಕ್ಕೆ ಹತ್ತಾರು ಬಾರಿ ಕೊರಳು ಬಿಗಿಸಿಕೊಂಡು ಚಾಪೆ ತಟ್ಟುವನು. ತಟ್ಟಿದರೆ ಬಿಡುವುದು ನಿಯಮ. ರಾತ್ರಿ ಕೋಣೆಗೆ ಹೋದರೆ ಸೀಸದ ಕಡ್ಡಿ ಹಿಡಿಯಲು ಬೆರಳು ಮಡಿಸಲಾಗದು. ಕ್ಯೋಟೋ ಸುತ್ತಲೂ ಬೆಟ್ಟಗಳಿರುವ ಬಾಣಲೆ. ಬೇಸಿಗೆಯಲ್ಲಿ ಗಾಳಿಯಾಡದೆ ಬೇಯುವುದು, ಚಳಿಗಾಲದಲ್ಲಿ ಹಿಯೇಯಿ ಬೆಟ್ಟದಿಂದ ಇಳಿಯುವ ಶೀತ ಮೂಳೆ ಕೊರೆಯುವುದು. ಜನವರಿಯ ಅತಿ ಶೀತದ ದಿನಗಳನ್ನೇ ಆರಿಸಿ ಬೆಳಗಿನ ಜಾವ ಸಾಮು ಮಾಡುವ ಪದ್ಧತಿ ಜಪಾನಿನ ಎಲ್ಲ ಸಮರವಿದ್ಯೆಗಳಲ್ಲಿಯೂ ಉಂಟು. ಬರಿಗಾಲಿಗೆ ಚಾಪೆ ಮಂಜುಗಡ್ಡೆಯಂತೆ ತಾಕುವುದು. ಮೊದಲ ಹತ್ತು ನಿಮಿಷ ಯಾರಿಗೂ ಯಾವ ತತ್ತ್ವವೂ ಹೊಳೆಯದು. ಬೇಗ ಯಾರನ್ನಾದರೂ ತಬ್ಬಿಕೊಂಡು ಮೈ ಬಿಸಿಮಾಡಿಕೊಳ್ಳಬೇಕೆಂಬುದೊಂದೇ ಆಸೆ.

ಸಂಘವೆಂದರೆ ಸಾಮು ಮಾತ್ರವಲ್ಲ. ಅದೊಂದು ಅವಿಭಕ್ತ ಕುಟುಂಬ. ಒಂದು ವರ್ಷ ಮೊದಲು ಸೇರಿದವನೂ ಹಿರಿಯನೇ. ಅವನಿಗೆ ‘ಸೆಂಪಾಯ್’ ಎಂಬ ಗೌರವ. ಅನಂತರ ಬಂದವನು ‘ಕೋಹಾಯ್’. ವಯಸ್ಸಿಗೂ ಬಲಕ್ಕೂ ಇಲ್ಲಿ ಲೆಕ್ಕವಿಲ್ಲ, ಸೇರಿದ ವರ್ಷಕ್ಕೆ ಲೆಕ್ಕ. ಕಿರಿಯನು ಮೊದಲು ಬಂದು ಚಾಪೆ ಗುಡಿಸಿ ಒರೆಸಬೇಕು, ಹಿರಿಯನನ್ನು ಕಂಡಲ್ಲಿ ಗಟ್ಟಿಯಾಗಿ ವಂದಿಸಬೇಕು, ಹೋಟೆಲಿನಲ್ಲಿ ನೀರು ತುಂಬಿ ಕೊಡಬೇಕು. ಇದಕ್ಕೆ ಪ್ರತಿಯಾಗಿ ಹಿರಿಯನಿಗೂ ಒಂದು ಧರ್ಮವಿದೆ: ಊಟದ ಬಿಲ್ಲು ಅವನದು. ಮನೆಪಾಠ ಹೇಳಿ ಗಳಿಸಿದ ನಾಲ್ಕು ಕಾಸನ್ನು ಮೂವರು ಕಿರಿಯರ ಹೊಟ್ಟೆಗೆ ಸುರಿದು, ತಿಂಗಳ ಕೊನೆಯಲ್ಲಿ ತಾನು ಬರಿಯ ಅನ್ನಕ್ಕೆ ಹಸಿ ಮೊಟ್ಟೆ ಕಲಸಿ ತಿನ್ನುವ ಹಿರಿಯರು ಈ ಬೀದಿಗಳಲ್ಲಿ ಧಾರಾಳ. “ನನಗೆ ತೀರಿಸಬೇಡ, ನಿನ್ನ ಕಿರಿಯನಿಗೆ ತೀರಿಸು” ಎಂಬುದು ಅವರ ಲೇವಾದೇವಿಯ ಸೂತ್ರ.

ಸಾಮು ಮುಗಿದ ಮೇಲೆ ಗುಂಪು ಸಾರ್ವಜನಿಕ ಸ್ನಾನಗೃಹಕ್ಕೆ ನಡೆಯುವುದು. ಅನಂತರ ವಿದ್ಯಾರ್ಥಿಗಳಿಗೆಂದೇ ರಾಶಿ ಅನ್ನ ಬಡಿಸುವ ಪುಟ್ಟ ಊಟದ ಅಂಗಡಿ. ಬೇಸಿಗೆಯ ರಾತ್ರಿಗಳಲ್ಲಿ ನದೀಸಂಗಮದ ಹುಲ್ಲಿನ ಮೇಲೆ ಕೂಟ ನೆರೆಯುವುದು. ಸಂಘದ ಹಾಡು, ಅಣಕು, ಮುಗಿಯದ ಚರ್ಚೆ. ವೈದ್ಯಶಾಸ್ತ್ರ ಓದುವವನು, ಧಾನ್ಯಗಳ ತಳಿ ಬೆಳೆಸುವವನು, ಸಂಸ್ಕೃತ ಕಲಿಯುವವನು ಎಲ್ಲರೂ ಪಕ್ಕಪಕ್ಕದಲ್ಲಿ. ಉತ್ತರದ ಆವರಣದೆದುರಿಗೆ 1930ರಲ್ಲಿ ಆರಂಭವಾದ ಒಂದು ಕಾಫಿ ಅಂಗಡಿಯಿದೆ. ಉದ್ದನೆಯ ಭಾರಿ ಮರದ ಮೇಜುಗಳು, ಪುಸ್ತಕದ ಮೇಲೆ ಬಾಗಿದ ತಲೆಗಳು. ಅಲ್ಲಿ ಮುದುಡಿದ ಕಿವಿಯ ಒಬ್ಬನು ಕಾಂಟ್‌ನ ತತ್ತ್ವಶಾಸ್ತ್ರವನ್ನು ಗುರುತು ಹಾಕಿಕೊಂಡು ಓದುತ್ತಿದ್ದರೆ ಕ್ಯೋಟೋದ ಜನ ತಿರುಗಿ ನೋಡುವುದಿಲ್ಲ.

ಕಾದಂಬರಿಕಾರ ಇನೋಊಎ ಯಾಸುಶಿ ಇದೇ ಮೂಸೆಯಿಂದ ಬಂದವರು. ಕಾನಾಜಾವಾದ ನಾಲ್ಕನೆಯ ಶಾಲೆಯ ಜೂಡೋ ಸಂಘದಲ್ಲಿ ಹೊರಳಾಡಿ, ಕ್ಯೋಟೋ ವಿಶ್ವವಿದ್ಯಾನಿಲಯದಲ್ಲಿ ಓದಿ, ಪತ್ರಕರ್ತರಾಗಿ, ಮುಂದೆ ದೇಶದ ಶ್ರೇಷ್ಠ ಲೇಖಕರೆನಿಸಿದರು. ‘ಉತ್ತರದ ಕಡಲು’ ಎಂಬ ಅರ್ಥದ ಅವರ ಕಾದಂಬರಿಯಲ್ಲಿ ಆ ದಿನಗಳಿವೆ. ಹೊಕ್ಕಾಯಿದೋ ವಿಶ್ವವಿದ್ಯಾನಿಲಯದ ಇದೇ ಜೂಡೋವನ್ನು ಕುರಿತು ಮಾಸುದಾ ತೋಶಿನಾರಿ 2013ರಲ್ಲಿ ಪ್ರಕಟಿಸಿದ ಕಾದಂಬರಿಯೂ ಬಹಳ ಓದುಗರನ್ನು ಪಡೆಯಿತು.

ಭಾರತಕ್ಕೂ ಈ ವಿದ್ಯೆಗೂ ಹಳೆಯ ನಂಟಿದೆ ಎಂಬುದನ್ನು ಇಲ್ಲಿ ಹೇಳಬಹುದು. ರವೀಂದ್ರನಾಥ ಠಾಕೂರರು ಶಾಂತಿನಿಕೇತನದ ಮಕ್ಕಳಿಗೆ ಜೂಡೋ ಕಲಿಸಬೇಕೆಂದು 1905ರಲ್ಲಿಯೇ ಜಪಾನಿನಿಂದ ಸಾನೋ ಜಿನ್ನೋಸುಕೆ ಎಂಬ ಶಿಕ್ಷಕರನ್ನು ಕರೆಸಿಕೊಂಡಿದ್ದರು. 1929ರಲ್ಲಿ ತಾಕಾಗಾಕಿ ಶಿಂಜೋ ಬಂದರು. ಬಂಗಾಳದ ಹೆಣ್ಣುಮಕ್ಕಳೂ ಚಾಪೆಗೆ ಇಳಿದು ಕಲಿತರು. ಕವಿಗೆ ಅದರಲ್ಲಿ ಅಪಾರ ಉತ್ಸಾಹ; ಆದರೆ ಶಿಕ್ಷಕರನ್ನು ಉಳಿಸಿಕೊಳ್ಳಲು ಬೊಕ್ಕಸದಲ್ಲಿ ಹಣ ಸಾಲಲಿಲ್ಲ.

ಜಪಾನಿನಲ್ಲಿ ಹೆಣ್ಣುಮಕ್ಕಳ ಸ್ಥಾನ ಬಹುಕಾಲ ಚಾಪೆಯ ಅಂಚಿನಲ್ಲಿಯೇ ಇತ್ತು. ಕಾಲ ಗುರುತಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಚಹ ಕಾಯಿಸುವುದು ಇವೇ ಸಂಘದಲ್ಲಿ ಅವರಿಗೆ ದೊರೆತ ಕೆಲಸಗಳು. ಕಾನೋ ಅವರ ಗುರುವಿನ ಮೊಮ್ಮಗಳಾದ ಫುಕುದಾ ಕೇಕೋ ಜೂಡೋವನ್ನೇ ಬದುಕಾಗಿಸಿಕೊಂಡು ಅವಿವಾಹಿತರಾಗಿ ಉಳಿದು, ಅಮೆರಿಕದಲ್ಲಿ ನೆಲೆಸಿ, 2013ರಲ್ಲಿ ತೀರಿಕೊಳ್ಳುವವರೆಗೂ ಪಾಠ ಹೇಳಿದರು. ಸ್ತ್ರೀಯೆಂಬ ಒಂದೇ ಕಾರಣಕ್ಕೆ ದಶಕಗಳ ಕಾಲ ಅವರಿಗೆ ಐದನೆಯ ದರ್ಜೆಯ ಮೇಲೆ ಬಡ್ತಿ ದೊರೆತಿರಲಿಲ್ಲ. ಒಲಿಂಪಿಕ್ಸಿನಲ್ಲಿ ಮಹಿಳೆಯರ ಜೂಡೋ ಪೂರ್ಣ ಸ್ಪರ್ಧೆಯಾದದ್ದು 1992ರಲ್ಲಿ. ಬಿಲ್ಲುವಿದ್ಯೆಯ ಸಂಘಗಳಲ್ಲಿ ಮಾತ್ರ ಚಿತ್ರ ಬೇರೆ. ಜನವರಿಯ ಮಧ್ಯಭಾಗದಲ್ಲಿ ಕ್ಯೋಟೋದ ಸಂಜೂಸಾಂಗೆಂದೋ ದೇವಾಲಯದ ಬದಿಯಲ್ಲಿ ಇಪ್ಪತ್ತರ ಹರೆಯಕ್ಕೆ ಬಂದ ತರುಣಿಯರು ಬಣ್ಣದ ಕಿಮೋನೋ ತೊಟ್ಟು, ತೋಳುಪಟ್ಟಿ ಕಟ್ಟಿ, ಅರವತ್ತು ಮೀಟರು ದೂರದ ಗುರಿಗೆ ಬಾಣ ಬಿಡುವರು. ಅದೇ ಜಗಲಿಯ ಉದ್ದಕ್ಕೆ, ಸುಮಾರು 120 ಮೀಟರು ದೂರ, 1686ರಲ್ಲಿ ವಾಸಾ ದೈಹಾಚಿರೋ ಎಂಬ ತರುಣನು ಒಂದು ಹಗಲು ಒಂದು ರಾತ್ರಿಯಲ್ಲಿ 13,053 ಬಾಣಗಳನ್ನು ಬಿಟ್ಟು 8,133ನ್ನು ಗುರಿ ಮುಟ್ಟಿಸಿದನೆಂದು ದಾಖಲೆಯಿದೆ.

ಇಷ್ಟೆಲ್ಲ ಹೇಳಿದ ಮೇಲೆ ಈ ಸಂಘಗಳ ಕತ್ತಲೆಯ ಮಗ್ಗುಲನ್ನು ಮರೆಮಾಚುವುದು ಸಲ್ಲದು. ಹಿರಿಯನ ಮಾತಿಗೆ ಎದುರಾಡಬಾರದೆಂಬ ಕಟ್ಟಳೆ ಸಜ್ಜನರ ಕೈಯಲ್ಲಿ ವಾತ್ಸಲ್ಯವಾಗುವುದು. ದುರ್ಜನರ ಕೈಯಲ್ಲಿ ಅದೇ ದೊಣ್ಣೆಯಾಗುವುದು. ಹೊಸಬರನ್ನು ಹೊಡೆದು ಹಣ್ಣುಮಾಡುವುದು, ಕುಡಿಯಲಾರದವನಿಗೆ ಬಲವಂತವಾಗಿ ಮದ್ಯ ಕುಡಿಸುವುದು, ನೀರು ಕೊಡದೆ ಬಿಸಿಲಿನಲ್ಲಿ ಓಡಿಸುವುದು, ಇವನ್ನು ‘ಮನೋಬಲದ ತರಬೇತಿ’ ಎಂದು ಕರೆದು ಬಹುಕಾಲ ಸಹಿಸಿಕೊಂಡು ಬಂದರು. ತಂಡದ ಮಾನಕ್ಕಾಗಿ ಚಾಪೆ ತಟ್ಟದೆ ಮೂರ್ಛೆ ಹೋದವನ ಕಥೆಯನ್ನು ಕೂಟಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಹೆತ್ತವರ ಕಿವಿಗೆ ಆ ಕಥೆ ಹೇಗೆ ಕೇಳಿಸುವುದೆಂದು ಹೇಳುವವರು ಯೋಚಿಸುವುದಿಲ್ಲ. ವಿಶ್ವವಿದ್ಯಾನಿಲಯಕ್ಕೆ ಬರುವ ಮೊದಲೇ, ಮಾಧ್ಯಮಿಕ ಮತ್ತು ಪ್ರೌಢ ಶಾಲೆಗಳ ಜೂಡೋದಲ್ಲಿ 1983ರಿಂದ ಸುಮಾರು ಮೂವತ್ತು ವರ್ಷಗಳ ಅವಧಿಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಪ್ರಾಣ ಕಳೆದುಕೊಂಡರೆಂಬ ಲೆಕ್ಕ ಹೊರಬಿದ್ದಾಗ ದೇಶ ಬೆಚ್ಚಿತು. ಹೆಚ್ಚಿನವರು ಸತ್ತದ್ದು ತಲೆಗೆ ಬಿದ್ದ ಪೆಟ್ಟಿನಿಂದ. ಬೀಳುವ ವಿದ್ಯೆಯನ್ನು ಇನ್ನೂ ಕಲಿಯದ ಮೊದಲ ವರ್ಷದ ಮಕ್ಕಳೇ ಅವರಲ್ಲಿ ಅಧಿಕ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಒಗ್ಗೂಡಿ ದನಿಯೆತ್ತಿದ ಮೇಲೆ ತರಬೇತಿಯ ರೀತಿ ಬದಲಾಯಿತು. 2013ರ ಆರಂಭದಲ್ಲಿ, ರಾಷ್ಟ್ರತಂಡದ ಮಟ್ಟದ ಹದಿನೈದು ಮಹಿಳಾ ಪಟುಗಳು ತಮ್ಮ ತರಬೇತುಗಾರನು ಹೊಡೆಯುತ್ತಿದ್ದನೆಂದು ದೂರಿತ್ತ ಸಂಗತಿ ಬಯಲಾಯಿತು. ಅವನು ಹುದ್ದೆ ಬಿಡಬೇಕಾಯಿತು. ಹಿಂದಿನ ತಲೆಮಾರು ನುಂಗಿಕೊಂಡದ್ದನ್ನು ಈ ತಲೆಮಾರಿನ ಹೆಣ್ಣುಮಕ್ಕಳು ಉಗುಳಿದರು.

ಈಗಿನ ಚಿಂತೆ ಬೇರೆಯದು. ಜಪಾನಿನಲ್ಲಿ ಮಕ್ಕಳ ಸಂಖ್ಯೆಯೇ ಇಳಿಯುತ್ತಿದೆ. ಈ ಶತಮಾನದ ಆರಂಭದಲ್ಲಿ ಸುಮಾರು 2 ಲಕ್ಷವಿದ್ದ ನೋಂದಾಯಿತ ಜೂಡೋ ಪಟುಗಳು 2021ರ ವೇಳೆಗೆ ಸುಮಾರು 1 ಲಕ್ಷ 20 ಸಾವಿರಕ್ಕೆ ಇಳಿದರು. 2020ರ ವಸಂತದಲ್ಲಿ ಮಹಾಮಾರಿಯಿಂದಾಗಿ ವಿಶ್ವವಿದ್ಯಾನಿಲಯಗಳ ಸಂಘಗಳೆಲ್ಲ ಬಾಗಿಲು ಮುಚ್ಚಿದವು. ಒಬ್ಬರ ಮೈ ಇನ್ನೊಬ್ಬರಿಗೆ ತಾಕದೆ ಜೂಡೋ ಎಲ್ಲಿಂದ ಬರಬೇಕು? ಆ ವರ್ಷ ಸೇರಿದ ಹುಡುಗರಿಗೆ ಕರಪತ್ರ ಕೊಡುವವರೂ ಇರಲಿಲ್ಲ, ಊಟ ಕೊಡಿಸುವವರೂ ಇರಲಿಲ್ಲ. ನಾಲ್ಕೇ ವರ್ಷದ ಆಯುಸ್ಸಿನ ಸಂಘದಲ್ಲಿ ಒಂದು ತಲೆಮಾರು ತಪ್ಪಿದರೆ, ಬಾಯಿಂದ ಬಾಯಿಗೆ, ಮೈಯಿಂದ ಮೈಗೆ ಬಂದ ಪಟ್ಟುಗಳನ್ನು ಕಲಿಸುವವರೇ ಇಲ್ಲವಾಗುವರು. ಬಾಗಿಲು ತೆರೆದ ಮೇಲೆ ಹಳೆಯ ಸದಸ್ಯರು ಅಲ್ಲಲ್ಲಿ ಕಚೇರಿ ಮುಗಿಸಿ ಬಂದು ಕೊರತೆ ತುಂಬಿದರು. ವೈದ್ಯರು, ಇಂಜಿನಿಯರರು, ನಿವೃತ್ತ ಅಧ್ಯಾಪಕರು. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಹತ್ತೊಂಬತ್ತರ ಹುಡುಗನ ಕೆಳಗೆ ಬೆನ್ನು ಹಾಸಿ ಮಲಗಿ, “ಇನ್ನೂ ಬಿಗಿ, ಇನ್ನೂ ಬಿಗಿ” ಎಂದು ತಮ್ಮ ಕೊರಳನ್ನೇ ಒಡ್ಡುವ ವೃದ್ಧರು.

ನಾಲ್ಕನೆಯ ವರ್ಷದ ಬೇಸಿಗೆಯ ಪಂದ್ಯ ಮುಗಿದ ದಿನವೇ ವಿದ್ಯಾರ್ಥಿಯು ಸಂಘದಿಂದ ನಿವೃತ್ತನಾಗುವನು. ಇಪ್ಪತ್ತೆರಡನೆಯ ವಯಸ್ಸಿಗೆ ನಿವೃತ್ತಿ! ಅನೇಕರು ಮತ್ತೆಂದೂ ಪಂದ್ಯವಾಡುವುದಿಲ್ಲ. ಕೆಲವರು ಅಷ್ಟು ವರ್ಷದಲ್ಲಿ ಒಂದೇ ಒಂದು ಬಾರಿಯೂ ಯಾರನ್ನೂ ಸೋಲಿಸಿರುವುದಿಲ್ಲ. ಸಮ ಮಾಡಿದ ಲೆಕ್ಕವಷ್ಟೇ ಅವರದು. ದೊಡ್ಡ ಕಂಪನಿಗಳ ಸಂದರ್ಶನಗಳಲ್ಲಿ ಇಂಥವರಿಗೆ ವಿಶೇಷ ಮನ್ನಣೆ ಎಂಬ ಮಾತಿದೆ. ಸಹನೆಯುಳ್ಳವನು, ಹೇಳಿದಂತೆ ಕೇಳುವವನು ಎಂಬುದು ಕಂಪನಿಗಳ ಎಣಿಕೆ. ಹೇಳಿದಂತೆ ಕೇಳುವ ಗುಣಕ್ಕೆ ಆ ಹುಡುಗ ನಾಲ್ಕು ವರ್ಷ ಆಮೆಯಾದನೆಂದು ತಿಳಿದರೆ ಅದು ಎಣಿಕೆಯ ತಪ್ಪು. ಪಂದ್ಯದ ಮರುದಿನ ಅವನು ಗರಡಿಗೆ ಬಂದು ಗೋಡೆಯಲ್ಲಿ ಸಾಲಾಗಿ ತೂಗುಹಾಕಿದ ಮರದ ಹೆಸರುಹಲಗೆಗಳಲ್ಲಿ ತನ್ನದನ್ನು ನೋಡುವನು. ಅಭ್ಯಾಸಬಲದಿಂದ ಕಸಪೊರಕೆಗೆ ಕೈ ಹಾಕುವನು. ಅಷ್ಟರಲ್ಲಿ ಮೊದಲ ವರ್ಷದ ಹುಡುಗನೊಬ್ಬ ಓಡಿಬಂದು, “ಸೆಂಪಾಯ್, ಅದು ನನ್ನ ಕೆಲಸ” ಎಂದು ತಲೆಬಾಗಿ ಪೊರಕೆಯನ್ನು ತೆಗೆದುಕೊಳ್ಳುವನು. ಅವನ ಎಡಗಿವಿ ಆಗಲೇ ಊದಿಕೊಂಡಿರುವುದು.